ಇದ್ದದ್ರಲ್ಲೇ ನೋಡಾಣ

ಶಿಕಾರಿಪುರದ ನಮ್ಮ ಸಣ್ಣ ಕಂಪನಿಯಲ್ಲಿ ಯುದ್ಧವಿಮಾನಗಳಿಗೆ ಕಡಿಮೆ ಖರ್ಚಿನಲ್ಲಿ ಸಾಫ್ಟ್‌ವೇರ್ ಬರೆಯುತ್ತಿದ್ದೆವು. ನಮ್ಮ ಟೀಮ್ ಲೀಡರ್ ಸೊರಬದ ಕಡೆಯವರು. ಏನು ಕೇಳಿದರೂ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸುತ್ತಾ, "ಹೊಸದ್ಯಾಕ್ರೀ, ಇದ್ದದ್ರಲ್ಲೇ ನೋಡಾಣ" ಅನ್ನುತ್ತಿದ್ದರು. ಕೇಳಿ ಕೇಳಿ ನನಗೆ ತಲೆ ಚಿಟ್ಟು ಹಿಡಿದಿತ್ತು.

ವಿಮಾನ ನೆಲಕ್ಕೆ ತೀರಾ ಹತ್ತಿರ ಬಂದರೆ "ಪುಲ್ ಅಪ್", ಅಂದರೆ ಮೇಲಕ್ಕೆತ್ತು, ಎಂದು ಪೈಲಟ್‌ಗೆ ಕೂಗಿ ಹೇಳುವ ಪೆಟ್ಟಿಗೆಯೊಂದನ್ನು ಮುಂದಿನ ವಾರ ಕೊಡಬೇಕಿತ್ತು. ಕುಲುಕಾಟದಲ್ಲೂ ಅದು ಕೆಲಸ ಮಾಡುತ್ತದೆಯೇ ಎಂದು ನೋಡುವ ಯಂತ್ರ ಬೆಂಗಳೂರಿನಲ್ಲಿ ಬಾಡಿಗೆಗೆ ಸಿಗುತ್ತದೆ ಅಂದೆ. ಕನ್ನಡಕ ಕೈಗೆ ಬಂತು. ಮರುದಿನ ಅವರೇ ತಮ್ಮನ ಟ್ರ್ಯಾಕ್ಟರ್ ತಂದು, ಪೆಟ್ಟಿಗೆಯನ್ನು ಮಡ್‌ಗಾರ್ಡಿಗೆ ಹಗ್ಗದಲ್ಲಿ ಬಿಗಿದು, ಅಂಜನಾಪುರದ ಕಾಲುವೆ ದಾರಿಗೆ ಬಿಟ್ಟರು. ಲ್ಯಾಪ್‌ಟಾಪ್ ತಬ್ಬಿಕೊಂಡು ನಾನು ಪಕ್ಕದಲ್ಲಿ.

ನೆಲದ ಮೇಲೇ ಇದ್ದೆವಲ್ಲ, ಪೆಟ್ಟಿಗೆ ದಾರಿಯುದ್ದಕ್ಕೂ "ಪುಲ್ ಅಪ್, ಪುಲ್ ಅಪ್" ಎಂದು ಅರಚಿತು. ಗದ್ದೆಯಲ್ಲಿದ್ದವರು ನಾಟಿ ಬಿಟ್ಟು ನಿಂತು ನೋಡಿದರು.

"ಸದ್ದಾದ್ರೂ ನಿಲ್ಸಿ ಸರ್, ಮಾನ ಹೋಗ್ತಿದೆ" ಅಂದೆ.

"ಕೂಗ್ಲಿ ಬಿಡ್ರೀ, ಸುಳ್ಳೇನೂ ಹೇಳ್ತಿಲ್ವಲ್ಲ."

ದೊಡ್ಡ ಗುಂಡಿಯೊಂದರಲ್ಲಿ ಟ್ರ್ಯಾಕ್ಟರ್ ಎದ್ದು ಬಿತ್ತು. ಕೂಗು ನಿಂತಿತು. "ಸದ್ಯ, ಬದುಕಿದೆ" ಅಂದೆ. ಅವರು ಬ್ರೇಕ್ ಒತ್ತಿದರು. ಕನ್ನಡಕ ತೆಗೆದರು, ಒರೆಸಲಿಲ್ಲ.

"ಸುಮ್ನಾಯ್ತಲ್ರೀ. ಮೇಲೆ ವಿಮಾನದಲ್ಲಿರೋನೂ ಹಿಂಗೇ, ಸದ್ಯ ಬದುಕಿದೆ ಅಂದ್ಕೊಳ್ತಾನೆ."

ಕುಲುಕಿಗೆ ಎತ್ತರದ ಅಳತೆ ಒಂದು ಕ್ಷಣ ತಪ್ಪಿದ್ದಕ್ಕೇ ನಮ್ಮ ಸಾಫ್ಟ್‌ವೇರ್ ಬಾಯಿ ಮುಚ್ಚಿಕೊಂಡಿತ್ತು. ಸಂಜೆಯವರೆಗೂ ಅದನ್ನು ತಿದ್ದುವುದು, ಮತ್ತೆ ಅದೇ ಗುಂಡಿಗೆ ಟ್ರ್ಯಾಕ್ಟರ್ ಇಳಿಸುವುದು, ಇದೇ ಆಯಿತು. ಪ್ರತಿ ಸಲವೂ ನಾನು ಸೊಂಟ ಹಿಡಿದುಕೊಂಡು, ಕೂಗು ಮಾರಾಯ, ಕೂಗು ಎಂದು ಆ ಪೆಟ್ಟಿಗೆಯನ್ನು ಬೇಡಿಕೊಳ್ಳುತ್ತಿದ್ದೆ.