ವಾಡೆಯ ಮೂರನೇ ಅರ್ಥ

ಹೊಲಿಗೆ ಟೀಚರ್ ಕಡಗಂಚಿಯಿಂದ ಬಸ್ಸಿನಲ್ಲಿ ಬಂದು, ನಮ್ಮೂರ ಹಳೇ ವಾಡೆಯ ಪಡಸಾಲೆಯಲ್ಲಿ ಹೆಂಗಸರಿಗೆ ಹೊಲಿಗೆ ಕಲಿಸುತ್ತಿದ್ದರು. ಹಲ್ಲಿನಿಂದ ದಾರ ಕಡಿಯುತ್ತಲೇ ಎಲ್ಲರಿಗೂ ಒಂದೇ ಮಾತು: "ಒಳಗ ಬರ್ರಿ, ಹೊರಗ್ಯಾಕ ನಿಂತೀರಿ?"

ನಾನು ಊರಿನ ಕನ್ನಡ ಮಾಸ್ತರ. 'ವಾಡೆ'ಯ ಮೂಲ 'ವಾಟ', ಅಂದರೆ ಬೇಲಿ ಹಾಕಿದ ಜಾಗ, ಆಮೇಲೆ ಅದು ಗೌಡರ ದೊಡ್ಡ ಮನೆಯಾಯಿತು ಎಂದು ಒಮ್ಮೆ ಅವರಿಗೆ ವಿವರಿಸಿದೆ.

"ಬೇಲಿ ಇನ್ನಾ ಅದ ನೋಡ್ರಿ ಸರ್," ಎಂದು ಬಾಗಿಲಿನತ್ತ ಕೈ ತೋರಿದರು.

ಅಲ್ಲಿ ಕೂಲಿ ಮಾಡುವ ಹೆಂಗಸೊಬ್ಬಳು ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದಳು. ವಾಡೆಯ ಮುಂದೆ ಅವಳ ಮನೆಯವರು ಎಂದೂ ಚಪ್ಪಲಿ ಮೆಟ್ಟಿದವರಲ್ಲ. ಗೌಡರು ಊರು ಬಿಟ್ಟು ಎಷ್ಟೋ ವರ್ಷವಾಗಿತ್ತು. ಕಾಲುಗಳಿಗೆ ಮಾತ್ರ ಆ ಸುದ್ದಿ ಮುಟ್ಟಿರಲಿಲ್ಲ.

ಟೀಚರ್ ಎದ್ದು ಹೋಗಿ, ಚಪ್ಪಲಿ ಇಸಿದುಕೊಂಡು, ಬಗ್ಗಿ ಅವಳ ಕಾಲ ಮುಂದೆ ಇಟ್ಟರು. "ಮೆಟ್ಕೊ ಯಕ್ಕಾ. ಮಷಿನ್ ಬಾಜು ಬಿಡುವಂತಿ."

ಅವಳು ಸುತ್ತಲೂ ನೋಡಿದಳು. ಮೆಟ್ಟಿದಳು. ಹೊಸ್ತಿಲು ದಾಟಿದಳು.

ಟೀಚರ್ ಈಗ ಜೇವರ್ಗಿಯಲ್ಲಿ ಕಲಿಸುತ್ತಾರೆ. ಮೊನ್ನೆ ತರಗತಿಯಲ್ಲಿ 'ವಾಡೆ' ಅಂದರೇನು ಎಂದು ಕೇಳಿದೆ. ಆ ಹೆಂಗಸಿನ ಮಗಳು ಥಟ್ಟನೆ ಎದ್ದಳು: "ನಮ್ಮವ್ವ ಜಂಪರ್ ಹೊಲಿಯೋ ಮನಿರಿ, ಸರ್."

ಬೋರ್ಡಿನ ಮೇಲೆ ಆ ಅರ್ಥವನ್ನೇ ಮೊದಲು ಬರೆದೆ.