ಬೆಟ್ಟದಲ್ಲಿ ಸಿಕ್ಕ ಗಾಯಾಳು

ಚೀನಾ ಯುದ್ಧ ಮುಗಿದ ಮೇಲೆ ನಾನೂ ಸ್ವಯಂಸೇವಕರ ಪ್ರಥಮ ಚಿಕಿತ್ಸೆ ತರಬೇತಿಗೆ ಸೇರಿದ್ದೆ. ಚಾಮುಂಡಿ ಬೆಟ್ಟದ ಕುರುಚಲಿನಲ್ಲಿ ಯಾರೋ ಒಬ್ಬರು ಗಾಯಾಳುವಿನಂತೆ ನಟಿಸುತ್ತಾ ಮಲಗಿರುತ್ತಾರೆ, ಹುಡುಕಿ ಹೊತ್ತು ತನ್ನಿ ಎಂದು ತರಬೇತಿಯ ಮೇಷ್ಟ್ರು ಕಳಿಸಿದರು. ಬಂಡೆಯ ಕೆಳಗೆ ನರಳುತ್ತಿದ್ದ ಹೆಂಗಸೊಬ್ಬರು ನನಗೆ ಸಿಕ್ಕರು.

"ಚೆನ್ನಾಗಿ ನಟಿಸ್ತೀರಮ್ಮ," ಎಂದೆ.

"ನಾಟ್ಕ ಅಲ್ಲ ಕಣಪ್ಪ! ಸೌದೆ ಆಯಕ್ಕೆ ಬಂದು ಜಾರಿ ಬಿದ್ಬುಟ್ಟೆ. ಕಾಲು ಮುರ್ದೋಗದೆ."

ಮೇಷ್ಟ್ರನ್ನು ಕರೆಯಲು ಸೀಟಿ ಊದಿದೆ. ಕಲಿತದ್ದೆಲ್ಲ ಮರೆತೇ ಹೋಗಿತ್ತು. ಎರಡು ಕೋಲಿಟ್ಟು ಟವಲಿನಿಂದ ಹೇಗೋ ಕಾಲು ಕಟ್ಟಿದೆ. ಮೇಷ್ಟ್ರು ಓಡಿಬಂದು ಬಗ್ಗಿ ನೋಡಿದರು.

"ಗಂಟು ತಪ್ಪು ಕಣ್ರೀ. ಬಿಚ್ಚಿ ಇನ್ನೊಂದ್ಸಲ ಕಟ್ಟಿ."

ಆಕೆ ನನ್ನ ಕೈ ಹಿಡಿದು ತಡೆದರು. "ಸ್ವಾಮಿ, ಪಾಠ ಆಮೇಲೆ ಹೇಳ್ಕೊಡಿ. ಮೊದ್ಲು ಆಸ್ಪತ್ರೆಗೆ ಹೊತ್ಕೊಂಡೋಗಿ!"

ಹೊತ್ತು ಇಳಿಸಿ ಆಸ್ಪತ್ರೆಗೆ ಸೇರಿಸಿದೆವು. ಆ ತಪ್ಪು ಗಂಟು ಬಿಚ್ಚಲು ನರ್ಸಮ್ಮನಿಗೆ ಕತ್ತರಿಯೇ ಬೇಕಾಯಿತು.