ಬಾಗಿಲಾಚೆಯ ಒಗ್ಗರಣೆ

ಚಿನ್ನದ ಗಣಿಯ ಊರಾದ ಉರಿಗಾಂನಲ್ಲಿ ಗಣಿ ಕಾರ್ಮಿಕರ ಲೈನ್ ಮನೆಯೊಂದರ ಮುಂದೆ ನಿಂತು ಕುಡಿಯಲು ನೀರು ಕೇಳಿದೆ. ಆ ಮನೆಯ ಮುನಿಯಮ್ಮ ಊಟಕ್ಕೇ ಕೂರಿಸಿಬಿಟ್ಟರು. ಒಂದು ಪಾತ್ರೆಯಲ್ಲಿ ಆಲೂಗಡ್ಡೆ ಸಾಗು ಬೇಯುತ್ತಿತ್ತು. ಚಪಾತಿ ಲಟ್ಟಿಸುವಾಗ ಅವರು ಮಣೆಗೆ ಒಣ ಹಿಟ್ಟು ಉದುರಿಸಲಿಲ್ಲ, ಎಣ್ಣೆ ಸವರುತ್ತಿದ್ದರು. ಯಾಕೆಂದು ಕೇಳಿದೆ.

"ಇಟ್ಟಿನ ಧೂಳು ಎದ್ರೆ ಅವ್ರಿಗೆ ಉಸ್ರು ಕಟ್ತೈತೆ," ಎಂದು ಮಂಚದತ್ತ ನೋಡಿದರು.

ಮಂಚದ ಮೇಲೆ ದಿಂಬಿಗೊರಗಿ ಕೂತಿದ್ದ ಗಂಡ ಗಣಿಯಲ್ಲಿ ಬಂಡೆ ಕೊರೆದವರು. ಚಿನ್ನ ಯಾರ್ಯಾರ ಕೊರಳಿಗೋ ಹೋಯಿತು, ಕಲ್ಲಿನ ಧೂಳು ಇವರ ಎದೆಯಲ್ಲೇ ಉಳಿಯಿತು.

ಸಾಗು ಬೆಂದ ಮೇಲೆ ಮುನಿಯಮ್ಮ ಒಗ್ಗರಣೆ ಸೌಟು ಹಿಡಿದು ಬಾಗಿಲಾಚೆಯ ಸೌದೆ ಒಲೆಗೆ ಹೊರಟರು.

"ಇವತ್ತೊಂದಿನ ಒಳ್ಗೇ ಆಕಮ್ಮಿ. ಆ ವಾಸ್ನೆ ನೋಡಿ ಎಷ್ಟ್ ಕಾಲ ಆಯ್ತೋ," ಎಂದರು ಗಂಡ.

"ಸುಮ್ಕಿರಿ. ರಾತ್ರಿಯೆಲ್ಲಾ ಒದ್ದಾಡಿದ್ದು ಮರ್ತೋಯ್ತಾ?"

ಹೊರಗೆ ಸಾಸಿವೆ ಸಿಡಿಯಿತು. ಒಣಮೆಣಸಿನಕಾಯಿಯ ಘಾಟು ಬೀದಿಯ ಗಾಳಿಗೆ ಹೋಯಿತು. ಮಂಚದ ಮೇಲೆ ಗಂಡ ಕಣ್ಣು ಮುಚ್ಚಿ ಬಾಗಿಲ ಕಡೆ ಮುಖ ಚಾಚಿ ಕಾದರು.

ಮುನಿಯಮ್ಮ ಒಳಗೆ ಬಂದು ಸಾಗಿಗೆ ಒಗ್ಗರಣೆ ಸುರಿದು ತಟ್ಟನೆ ಮುಚ್ಚಳ ಮುಚ್ಚಿದರು. ಗಂಡನಿಗೆ ತಟ್ಟೆ ಕೊಡಲು ಬಗ್ಗಿದಾಗ ಅವರು ಆಕೆಯ ಸೆರಗನ್ನು ಹಿಡಿದೆಳೆದು ಮೂಗಿಗೆ ಒತ್ತಿಕೊಂಡರು. ಅಷ್ಟಕ್ಕೇ ಕೆಮ್ಮು ಶುರುವಾಯಿತು. ಮೈಯೆಲ್ಲ ಅಲುಗುವಂತೆ ಕೆಮ್ಮಿದರು, ಸೆರಗು ಮಾತ್ರ ಬಿಡಲಿಲ್ಲ.